ವಾರಕ್ಕೊಂದು ಗುಳಿಗೆ, ತಪ್ಪದ ನೇಮ

(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆ ಬೀಜ, ಗೊಬ್ಬರ, ಬೆಳೆ ಸಾಲ ಇವುಗಳ ವಿಚಾರವನ್ನು ನೀವು ಇಂತಹ ಸಭೆಗಳಲ್ಲಿ ಬಹಳ ಸಲ ಕೇಳಿದ್ದೀರಿ. ಈ ದಿನ ನಾನು ಹೇಳಹೊರಟಿರುವುದು ಮನೆಯ ಹಿರಿಯರ ಮೂಳೆಯ ವಿಚಾರ. ಮೂಳೆ ಟೊಳ್ಳಾಗುವ ರೋಗಕ್ಕೆ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ನಡುವೆ ಬಿಟ್ಟುಬಿಡದೆ, ಹೇಳಿದಷ್ಟು ಕಾಲ, ಹೇಳಿದ ಕ್ರಮದಲ್ಲಿ ಸೇವಿಸುವುದು ಏಕೆ ಮತ್ತು ಹೇಗೆ ಎಂಬುದೇ ಇದರ ಸಾರ. ಇದು ಹೆಂಗಸರ ಮಾತೆಂದು ಗಂಡಸರು ಎದ್ದು ಹೋಗಬಾರದು. ಈ ರೋಗ ಗಂಡಸರಿಗೂ ಬರುತ್ತದೆ. ಅಲ್ಲದೆ, ತಾಯಿ ಬಿದ್ದು ಸೊಂಟ ಮುರಿದುಕೊಂಡರೆ ಆಸ್ಪತ್ರೆಗೆ ಹೊತ್ತುಕೊಂಡು ಓಡುವವನೂ, ಸಾಲ ಎತ್ತುವವನೂ ಮಗನೇ ಅಲ್ಲವೆ?

ನಮ್ಮ ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದದ್ದು 1952ನೆಯ ಇಸವಿ ಅಕ್ಟೋಬರ್ 2ರಂದು. ಅದಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ ಮಾತ್ರ. ಈಗ ಅದು 70ನ್ನು ಮುಟ್ಟಿದೆ. ಇದು ಸಂತೋಷದ ಸಂಗತಿ. ಆದರೆ ಆಯುಸ್ಸು ಬೆಳೆದಂತೆ, ಹಿಂದೆ ಅಷ್ಟಾಗಿ ಕಾಣದಿದ್ದ ಮುಪ್ಪಿನ ರೋಗಗಳೂ ಹಳ್ಳಿಗೆ ಬಂದಿವೆ. ಅವುಗಳಲ್ಲಿ ಒಂದು ಆಸ್ಟಿಯೋಪೊರೋಸಿಸ್, ಎಂದರೆ ಮೂಳೆ ಟೊಳ್ಳಾಗುವ ರೋಗ.

ಮೂಳೆ ಟೊಳ್ಳಾಗುವುದು ಹೇಗೆ?

ಮೂಳೆ ಕಲ್ಲಿನಂತೆ ಜಡವಾದ ವಸ್ತುವೆಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ. ಹೊಲದ ಬದುವನ್ನು ನೆನೆಯಿರಿ. ಪ್ರತಿ ಮಳೆಗೂ ಬದುವಿನ ಮಣ್ಣು ಒಂದಿಷ್ಟು ಕೊಚ್ಚಿಹೋಗುತ್ತದೆ. ರೈತ ಪ್ರತಿ ವರ್ಷವೂ ನಾಲ್ಕು ಮಂಕರಿ ಮಣ್ಣು ಹಾಕಿ ಸರಿಮಾಡುತ್ತಾನೆ. ಮೂಳೆಯಲ್ಲಿಯೂ ಇದೇ ಕೆಲಸ ಹಗಲಿರುಳೂ ನಡೆಯುತ್ತದೆ. ಹಳೆಯ ಮೂಳೆಯನ್ನು ಕೆರೆದು ತೆಗೆಯುವ ಜೀವಕೋಶಗಳು ಒಂದು ಬಗೆ. ಹೊಸದಾಗಿ ಕಟ್ಟುವ ಜೀವಕೋಶಗಳು ಇನ್ನೊಂದು ಬಗೆ. ಸುಮಾರು 30 ವರ್ಷದವರೆಗೆ ಕಟ್ಟುವ ಕೆಲಸವೇ ಮೇಲುಗೈ. ಅನಂತರ ಸ್ವಲ್ಪ ಸ್ವಲ್ಪವಾಗಿ ಕೊಚ್ಚುವುದು ಹೆಚ್ಚುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆಯನ್ನು ಕಾಯುತ್ತಿದ್ದ ಈಸ್ಟ್ರೋಜನ್ ಎಂಬ ರಸ ಕಡಿಮೆಯಾಗುವುದರಿಂದ ಕೆಲವು ವರ್ಷಗಳ ಕಾಲ ಈ ನಷ್ಟ ಬಹು ವೇಗವಾಗಿ ಆಗುತ್ತದೆ.

ಈ ರೋಗದ ಕೇಡು ಇರುವುದು ಅದರ ಮೌನದಲ್ಲಿ. ಜ್ವರವಿಲ್ಲ, ಗಾಯವಿಲ್ಲ, ಮೂಳೆ ಮುರಿಯುವತನಕ ನೋವೂ ಇಲ್ಲ. ಗೆದ್ದಲು ಹಿಡಿದ ಕಂಬ ಹೊರಗೆ ನೆಟ್ಟಗೇ ಕಾಣುವಂತೆ ಮನುಷ್ಯರೂ ಕಾಣುತ್ತಾರೆ. ಒಂದು ದಿನ ಬಚ್ಚಲಲ್ಲಿ ಕಾಲು ಜಾರಿ ಕೈಯೂರಿದರೆ ಮಣಿಕಟ್ಟು ಮುರಿಯುತ್ತದೆ. ತುಂಬಿದ ಕೊಡ ಎತ್ತುವಾಗ ಬೆನ್ನುಮೂಳೆಯ ಮಣಿಯೊಂದು ಕುಸಿಯುತ್ತದೆ. ಬೆನ್ನು ಗೂನಾಗಿ ಆಳು ಗಿಡ್ಡವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸೊಂಟದ ಕೀಲಿನ ಬಳಿ ತೊಡೆಯ ಮೂಳೆ ಮುರಿಯುವುದು. ಹೀಗೆ ಸೊಂಟ ಮುರಿದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿಯೂ ಅನೇಕರು ಮೊದಲಿನಂತೆ ಓಡಾಡಲಾರರು.

ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ, ಎತ್ತರ 4 ಸೆಂಟಿಮೀಟರಿನಷ್ಟು ತಗ್ಗಿದರೆ, ಬೆನ್ನು ಬಾಗುತ್ತ ಬಂದರೆ, "ವಯಸ್ಸಾಯಿತು, ಇದು ಸಹಜ" ಎಂದು ಸುಮ್ಮನಿರಬಾರದು. ವೈದ್ಯರಿಗೆ ತೋರಿಸಬೇಕು. ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಎಂಬ ಪರೀಕ್ಷೆ ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಉಂಟು. ಕೀಲುನೋವಿಗೆಂದು ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ಅಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅದನ್ನು ಬಹುಕಾಲ ಸೇವಿಸಿದರೆ ಮೂಳೆ ಇನ್ನೂ ಬೇಗ ಟೊಳ್ಳಾಗುತ್ತದೆ.

ಗುಳಿಗೆ ಮಾಡುವ ಕೆಲಸ

ಈ ರೋಗಕ್ಕೆ ಹೆಚ್ಚಾಗಿ ಬರೆದುಕೊಡುವ ಗುಳಿಗೆ ಅಲೆಂಡ್ರೊನೇಟ್. 70 ಮಿಲಿಗ್ರಾಮಿನ ಗುಳಿಗೆಯನ್ನು ವಾರಕ್ಕೆ ಒಂದು ಸಲ ಮಾತ್ರ ನುಂಗಬೇಕು. ಇದೇ ಜಾತಿಯ ರೈಸೆಡ್ರೊನೇಟ್ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಐಬ್ಯಾಂಡ್ರೊನೇಟ್ ತಿಂಗಳಿಗೊಮ್ಮೆಯೋ ಇರುತ್ತವೆ. ಇವು ಮೂಳೆಯೊಳಗೆ ಸೇರಿಕೊಂಡು, ಕೆರೆಯುವ ಜೀವಕೋಶಗಳ ಆಟವನ್ನು ತಗ್ಗಿಸುತ್ತವೆ. ಬದುವಿಗೆ ಹುಲ್ಲು ಬೆಳೆಸಿ ಮಣ್ಣು ಕೊಚ್ಚುವುದನ್ನು ತಡೆಯುವಂತೆ ಎಂದರೆ ನಿಮಗೆ ತಿಳಿದೀತು.

ಇದರ ಫಲ ಎಷ್ಟು? ಅದಾಗಲೇ ಬೆನ್ನಿನ ಮೂಳೆ ಕುಸಿದಿದ್ದ 2027 ಹೆಂಗಸರನ್ನು ಅಮೆರಿಕದಲ್ಲಿ ಸುಮಾರು ಮೂರು ವರ್ಷ ಪರೀಕ್ಷಿಸಿ, ಫಲಿತಾಂಶವನ್ನು 1996ರಲ್ಲಿ ಪ್ರಕಟಿಸಿದರು. ಬರಿಯ ಸಪ್ಪೆ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 15 ಜನರಿಗೆ ಬೆನ್ನಿನ ಮೂಳೆ ಹೊಸದಾಗಿ ಕುಸಿದಿತ್ತು. ಅಲೆಂಡ್ರೊನೇಟ್ ನುಂಗಿದವರಲ್ಲಿ 8 ಜನರಿಗೆ. ಸೊಂಟ ಮುರಿದವರ ಸಂಖ್ಯೆಯೂ ನೂರಕ್ಕೆ 2.2ರಿಂದ 1.1ಕ್ಕೆ, ಎಂದರೆ ಅರ್ಧಕ್ಕೆ ಇಳಿಯಿತು. ಗುಳಿಗೆ ನುಂಗಿದ ಎಲ್ಲರ ಮೂಳೆಯೂ ಉಳಿಯಿತೆಂದು ಯಾರೂ ಹೇಳುವುದಿಲ್ಲ. ಅಪಾಯ ಅರ್ಧವಾಯಿತು ಎಂಬುದು ಸತ್ಯ. ಅರ್ಧ ಬೆಳೆ ಉಳಿಸುವ ಔಷಧಿ ಸಿಕ್ಕರೆ ಯಾವ ರೈತ ಬೇಡವೆಂದಾನು?

ಬಿಟ್ಟುಬಿಡುವವರೇ ಹೆಚ್ಚು

ಆದರೆ ಸಂಗತಿ ಹೀಗಿದೆ. ಬಹುಕಾಲದ ರೋಗಗಳಿಗೆ ಬರೆದುಕೊಟ್ಟ ಔಷಧಿಯನ್ನು ಸರಿಯಾಗಿ ಸೇವಿಸುವವರು, ಮುಂದುವರಿದ ದೇಶಗಳಲ್ಲಿ ಕೂಡ, ಸುಮಾರು ಅರ್ಧ ಜನ ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ವರದಿ ಮಾಡಿತು. ಈ ಮೂಳೆಯ ಗುಳಿಗೆಯ ವಿಷಯದಲ್ಲಿಯೂ ಅಷ್ಟೆ. ಅಮೆರಿಕದ 35,537 ಹೆಂಗಸರ ಔಷಧಿ ಖರೀದಿಯ ಲೆಕ್ಕವನ್ನು ಎರಡು ವರ್ಷದ ಮಟ್ಟಿಗೆ ನೋಡಿ 2006ರಲ್ಲಿ ಪ್ರಕಟಿಸಿದರು. ನೂರಕ್ಕೆ 43 ಜನ ಮಾತ್ರ ಕ್ರಮವಾಗಿ ಗುಳಿಗೆ ತಂದಿದ್ದರು. ಕ್ರಮ ತಪ್ಪದವರಲ್ಲಿ ಮೂಳೆ ಮುರಿತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಅರ್ಧಕ್ಕಿಂತ ಕಡಿಮೆ ಗುಳಿಗೆ ತಂದವರಿಗೆ ಹೆಚ್ಚುಕಡಿಮೆ ಏನೂ ಲಾಭ ಕಾಣಲಿಲ್ಲ. ಇದನ್ನು ಗಮನಿಸಿರಿ: ಅರ್ಧ ಔಷಧಿಗೆ ಅರ್ಧ ಫಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಣ ಖರ್ಚಾಗುತ್ತದೆ, ಫಲ ಕೈಗೆ ಬರುವುದಿಲ್ಲ.

ನಡುವೆ ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಹಳೆಯ ಪಾಠವಿದೆ. ಮನೆಮನೆಗೂ ಡಿಡಿಟಿ ಸಿಂಪಡಿಸಿ ಮಲೇರಿಯಾ ರೋಗಿಗಳ ಸಂಖ್ಯೆಯನ್ನು 1965ರ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿಸಿದ್ದೆವು. ರೋಗ ಕಾಣದಾದಾಗ ಕೆಲಸ ಸಡಿಲವಾಯಿತು; ಇತರ ಕಾರಣಗಳೂ ಸೇರಿಕೊಂಡವು. 1976ರಲ್ಲಿ ಆ ಸಂಖ್ಯೆ 64 ಲಕ್ಷಕ್ಕೆ ಏರಿತು. ಕಣ್ಣಿಗೆ ಕಾಣದ ರೋಗ ಹೋಯಿತೆಂದು ತಿಳಿಯುವುದು ಸುಲಭ. ಅದರ ಬೆಲೆ ತೆರುವುದು ಆಮೇಲೆ.

ಜನ ಹೇಳುವ ಕಾರಣಗಳು

ಹಾಗಾದರೆ ಜನ ಏಕೆ ಬಿಡುತ್ತಾರೆ? ಅವರು ಹೇಳುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

"ಆರು ತಿಂಗಳಿಂದ ನುಂಗುತ್ತಿದ್ದೇನೆ, ಮಂಡಿನೋವು ಹೋಗಲೇ ಇಲ್ಲ" ಎನ್ನುತ್ತಾರೆ ಕೆಲವರು. ಮಂಡಿಯ ಕೀಲು ಸವೆಯುವುದು ಬೇರೆ ರೋಗ. ಈ ಗುಳಿಗೆ ನೋವಿನ ಗುಳಿಗೆಯಲ್ಲ. ನಾಳೆ ಮೂಳೆ ಮುರಿಯದಿರಲೆಂದು ಇಂದು ನುಂಗುವ ಗುಳಿಗೆ. ಇದರ ಫಲ ದೊರೆಯಲು ಸುಮಾರು ಒಂದು ವರ್ಷ ಬೇಕು. ಆ ಫಲವೂ ಕಣ್ಣಿಗೆ ಕಾಣುವಂಥದಲ್ಲ. ಬದು ಒಡೆಯದೆ ಉಳಿದರೆ ಅದೇ ಬದು ಕಟ್ಟಿದ ಫಲ.

"ಕ್ಯಾಲ್ಸಿಯಂ ಗುಳಿಗೆ ನುಂಗುತ್ತಿದ್ದೇನಲ್ಲ, ಅದು ಸಾಲದೆ?" ಎಂದು ಇನ್ನು ಕೆಲವರು ಕೇಳುತ್ತಾರೆ. ಸಾಲದು. ಕ್ಯಾಲ್ಸಿಯಮ್ಮೂ ಡಿ ಜೀವಸತ್ವವೂ ಬದುವಿಗೆ ಹಾಕುವ ಮಣ್ಣಿನಂತೆ. ಕೊಚ್ಚುವುದನ್ನು ತಡೆಯುವ ಕೆಲಸ ವಾರದ ಗುಳಿಗೆಯದು. ಎರಡೂ ಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಿಯೇ ವಾರದ ಗುಳಿಗೆ ಆರಂಭಿಸತಕ್ಕದ್ದು.

"ಗುಳಿಗೆ ಉಷ್ಣ, ಎದೆ ಉರಿ ಬರುತ್ತದೆ" ಎಂಬುದು ಮೂರನೆಯ ಮಾತು. ಇದರಲ್ಲಿ ಹುರುಳಿದೆ. ಗುಳಿಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣು ಮಾಡಬಲ್ಲದು. ಆದರೆ ಬಹುಮಟ್ಟಿಗೆ ಇದು ನುಂಗುವ ಕ್ರಮ ತಪ್ಪಿದ್ದರಿಂದ ಆಗುವ ತೊಂದರೆ. ಒಂದು ಗುಟುಕು ನೀರಿನಲ್ಲಿ ನುಂಗಿ ಮತ್ತೆ ಮಲಗಿದರೆ ಎದೆ ಉರಿಯದೆ ಇನ್ನೇನಾದೀತು? ಕ್ರಮವಾಗಿ ನುಂಗಿದರೂ ಎದೆ ಉರಿದರೆ, ನುಂಗುವಾಗ ನೋವಾದರೆ, ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಅವರು ಬೇರೆ ಗುಳಿಗೆಯನ್ನೋ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧಿಯನ್ನೋ ಸೂಚಿಸಬಹುದು. ಮನೆಯಲ್ಲೇ ಬಿಟ್ಟು ಸುಮ್ಮನೆ ಕೂರುವುದು ಮಾತ್ರ ಸಲ್ಲದು.

"ದುಡ್ಡಿಲ್ಲ" ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ನಾಚಿಕೆಯಿಂದ ಅದನ್ನು ವೈದ್ಯರಿಗೆ ಹೇಳದೆ ಗುಳಿಗೆ ಬಿಡುವವರೇ ಹೆಚ್ಚು. ಮೊದಲೇ ಹೇಳಿಬಿಡಿ. ಒಂದೇ ಔಷಧಿ ಹಲವು ಹೆಸರುಗಳಲ್ಲಿ, ಹಲವು ಬೆಲೆಗಳಲ್ಲಿ ಮಾರಾಟವಾಗುತ್ತದೆ. ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿರಿ.

ನುಂಗುವ ಕ್ರಮ

ಇನ್ನು ಮುಖ್ಯವಾದ ಮಾತಿಗೆ ಬರೋಣ. ಈ ಗುಳಿಗೆಗೆ ಬಹಳ ಮಡಿ. ಎಲ್ಲ ಕ್ರಮವೂ ಸರಿಯಾಗಿದ್ದಾಗಲೂ, ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ. ಕಾಫಿಯ ಜೊತೆಗೆ ನುಂಗಿದರೆ ಆ ಅಲ್ಪದಲ್ಲಿಯೂ ನೂರಕ್ಕೆ 60 ಪಾಲು ನಷ್ಟ. ಊಟವಾದ ಮೇಲೆ ನುಂಗಿದರೆ ಇಲ್ಲವೆಂದೇ ತಿಳಿಯಿರಿ. ಆದುದರಿಂದ ಅಲೆಂಡ್ರೊನೇಟ್ ನುಂಗುವವರು ಹೀಗೆ ನಡೆದುಕೊಳ್ಳತಕ್ಕದ್ದು:

1. ಬೆಳಿಗ್ಗೆ ಎದ್ದೊಡನೆ, ಬಾಯಿ ತೊಳೆದು, ಬರಿಯ ಹೊಟ್ಟೆಯಲ್ಲಿ ನುಂಗಬೇಕು. ಹಾಸಿಗೆಯಲ್ಲಿ ಮಲಗಿಕೊಂಡೇ ನುಂಗಬಾರದು.

2. ಒಂದು ದೊಡ್ಡ ಲೋಟದ ತುಂಬ ಬರಿಯ ನೀರು ಕುಡಿಯಬೇಕು. ಹಾಲು, ಕಾಫಿ, ಟೀ, ಮಜ್ಜಿಗೆ, ಅಂಬಲಿ ಯಾವುದೂ ಸಲ್ಲದು. ಬೋರಿನ ನೀರು ಬಹಳ ಗಡಸಾಗಿದ್ದರೆ ಶುದ್ಧ ನೀರಿನ ಘಟಕದ ನೀರನ್ನು ಇದಕ್ಕಾಗಿ ಒಂದು ಲೋಟ ಎತ್ತಿಡಿ.

3. ಗುಳಿಗೆಯನ್ನು ಕಡಿಯಬಾರದು, ಚೀಪಬಾರದು, ಪುಡಿ ಮಾಡಬಾರದು. ಇಡಿಯಾಗಿ ನುಂಗಬೇಕು.

4. ನುಂಗಿದ ಮೇಲೆ ಅರ್ಧ ಗಂಟೆ ನೀರಿನ ಹೊರತು ಏನೂ ಬಾಯಿಗೆ ಹೋಗಬಾರದು. ಐಬ್ಯಾಂಡ್ರೊನೇಟ್ ಆದರೆ ಒಂದು ಗಂಟೆ. ಎಲೆ ಅಡಿಕೆಯೂ ಬೇಡ. ಎಲೆಗೆ ಸವರುವ ಸುಣ್ಣವೂ ಕ್ಯಾಲ್ಸಿಯಮ್ಮೇ, ಅದು ಗುಳಿಗೆಯನ್ನು ಹಿಡಿದುಕೊಳ್ಳುತ್ತದೆ.

5. ಆ ಹೊತ್ತಿನಲ್ಲಿ ಮಲಗಬಾರದು. ಜಗಲಿಯ ಮೇಲೆ ನೆಟ್ಟಗೆ ಕುಳಿತು ಸೊಪ್ಪು ಸೋಸಬಹುದು, ಹಿತ್ತಿಲಲ್ಲಿ ಅಡ್ಡಾಡಬಹುದು. ಬಗ್ಗಿ ಕಸ ಗುಡಿಸುವುದು, ರಂಗೋಲಿ ಇಡುವುದು ಇವೆಲ್ಲ ಅರ್ಧ ಗಂಟೆಯಾದ ಮೇಲೆ, ತಿಂಡಿ ತಿಂದ ಮೇಲೆ ಇರಲಿ.

6. ಕ್ಯಾಲ್ಸಿಯಂ ಗುಳಿಗೆ, ಹೊಟ್ಟೆಯುರಿಯ ಗುಳಿಗೆ ಮುಂತಾದವನ್ನು ಅದೇ ಹೊತ್ತಿಗೆ ನುಂಗದೆ ಮಧ್ಯಾಹ್ನದ ಅಥವಾ ರಾತ್ರಿಯ ಊಟದೊಡನೆ ಇಟ್ಟುಕೊಳ್ಳಿ.

ಅರ್ಧ ಗಂಟೆ ಕಾಯುವುದು ದೊಡ್ಡ ಕಷ್ಟವೆಂದು ಕಾಣಬಹುದು. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 52 ವಾರ. ವಾರಕ್ಕೆ ಅರ್ಧ ಗಂಟೆಯಾದರೆ ವರ್ಷಕ್ಕೆ 26 ಗಂಟೆ. ಮುರಿದ ಸೊಂಟಕ್ಕೆ ಆಸ್ಪತ್ರೆಯಲ್ಲಿ ಕಳೆಯುವ ದಿನಗಳ ಮುಂದೆ ಇದು ಯಾವ ಲೆಕ್ಕ?

ಅನ್ನನಾಳದಲ್ಲಿ ತೊಡಕಿರುವವರು, ಅರ್ಧ ಗಂಟೆ ನೆಟ್ಟಗೆ ಕೂರಲಾರದವರು, ಮೂತ್ರಪಿಂಡ ಬಹಳ ದುರ್ಬಲವಾಗಿರುವವರು ಈ ಗುಳಿಗೆಯನ್ನು ನುಂಗಬಾರದು. ಆದಕಾರಣ ನೆರೆಮನೆಯವರ ಚೀಟಿ ತೋರಿಸಿ ಅಂಗಡಿಯಿಂದ ತರುವುದು ಅಪಾಯ.

ನೆನಪಿಡುವ ಬಗೆ

ದಿನವೂ ನುಂಗುವುದಕ್ಕಿಂತ ವಾರಕ್ಕೊಮ್ಮೆ ನುಂಗುವುದು ಸುಲಭ. ಮರೆಯುವುದೂ ಅಷ್ಟೇ ಸುಲಭ. ಆದುದರಿಂದ ವಾರವನ್ನು ಗೊತ್ತು ಮಾಡಿಕೊಳ್ಳಬೇಕು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿ ನಮ್ಮ ಎಷ್ಟೋ ಊರುಗಳಲ್ಲಿದೆ. ಅದನ್ನು ಯಾರೂ ಬರೆದಿಟ್ಟು ನೆನಪಿಸಬೇಕಾಗಿಲ್ಲ. ಗುಳಿಗೆಯೂ ಅಂತಹುದೇ ಒಂದು ವಾರಕ್ಕೆ ಅಂಟಿಕೊಳ್ಳಲಿ. ನೀರೂ ಮುಟ್ಟದ ಉಪವಾಸದ ವಾರವನ್ನೂ, ಮುಂಜಾನೆಯೇ ಗಡಿಬಿಡಿಯಾಗುವ ಸಂತೆಯ ವಾರವನ್ನೂ ಬಿಟ್ಟು ಬೇರೆ ವಾರ ಆರಿಸಿಕೊಳ್ಳುವುದು ಒಳ್ಳೆಯದು. ನುಂಗಿದ ದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ಕುಂಕುಮದ ಬೊಟ್ಟು ಇಡಿ. ಓದು ಬಾರದ ಅಜ್ಜಿಗೂ ಆ ಲೆಕ್ಕ ತಿಳಿಯುತ್ತದೆ.

ಒಂದು ವಾರ ಮರೆತರೆ ಗಾಬರಿ ಬೇಡ. ನೆನಪಾದ ಮಾರನೆಯ ಬೆಳಿಗ್ಗೆ ಒಂದು ಗುಳಿಗೆ ನುಂಗಿ, ಮುಂದಿನ ಸಲ ಎಂದಿನ ವಾರಕ್ಕೇ ಹಿಂದಿರುಗಬೇಕು. ಒಂದೇ ದಿನ ಎರಡು ಗುಳಿಗೆ ನುಂಗಬಾರದು. ಕೊನೆಯ ಗುಳಿಗೆ ಮುಗಿಯುವತನಕ ಕಾಯದೆ, ಇನ್ನೂ ಒಂದು ಉಳಿದಿರುವಾಗಲೇ ಮುಂದಿನ ಪಟ್ಟಿ ತರಿಸಿಡಿ. ತಾಲ್ಲೂಕು ಪೇಟೆಗೆ ಯಾರಾದರೂ ಹೋಗುವಾಗ ಚೀಟಿ ಕೊಟ್ಟರಾಯಿತು.

ಮನೆಯವರು ವಿಚಾರಿಸುವುದೂ ಒಂದು ಔಷಧಿಯೇ. "ಗುಳಿಗೆ ಆಯ್ತೇನವ್ವಾ?" ಎಂದು ಮಗ ವಾರಕ್ಕೊಮ್ಮೆ ಕೇಳಿದರೆ, "ಅತ್ತೆ, ನೀರು ತಂದೀನಿ, ನುಂಗಿಬಿಡಿ" ಎಂದು ಸೊಸೆ ಲೋಟ ಮುಂದಿಟ್ಟರೆ, ಅರ್ಧ ಕೆಲಸ ಆದಂತೆ. ಆ ದಿನ ಅಜ್ಜಿಯ ಕಾಫಿ ಅರ್ಧ ಗಂಟೆ ತಡವಾಗಿ ಒಲೆಯಿಂದಿಳಿಯಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕ್ಯಾಲೆಂಡರಿನ ಬೊಟ್ಟುಗಳನ್ನು ತೋರಿಸಿ, ಸಂದೇಹವಿದ್ದರೆ ಕೇಳಿರಿ.

ಎಷ್ಟು ವರ್ಷ?

ಸಾಯುವತನಕ ನುಂಗಬೇಕೆ ಎಂದು ಹೆದರಬೇಡಿ. ಈ ಔಷಧಿ ಮೂಳೆಯಲ್ಲಿ ಬಹುಕಾಲ ನಿಲ್ಲುತ್ತದೆ. ಸಾಮಾನ್ಯವಾಗಿ 5 ವರ್ಷವಾದ ಮೇಲೆ ವೈದ್ಯರು ಮತ್ತೆ ಪರೀಕ್ಷಿಸಿ, ಅಪಾಯ ಕಡಿಮೆಯಿದ್ದವರಿಗೆ ಕೆಲಕಾಲ ಬಿಡುವು ಕೊಡುತ್ತಾರೆ. ಅಪಾಯ ಹೆಚ್ಚಾಗಿದ್ದವರಿಗೆ ಮುಂದುವರಿಸಲು ಹೇಳುತ್ತಾರೆ. ಐದು ವರ್ಷದ ಬಳಿಕ ನಿಲ್ಲಿಸಿದವರನ್ನೂ ಹತ್ತು ವರ್ಷ ಮುಂದುವರಿಸಿದವರನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬೆನ್ನಿನ ಹೊರತು ಉಳಿದ ಮೂಳೆಗಳ ಮುರಿತ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ನೋವು ಕೊಟ್ಟು ಗೊತ್ತಾಗುವ ಬೆನ್ನುಮೂಳೆಯ ಕುಸಿತ ಮಾತ್ರ ನಿಲ್ಲಿಸಿದವರಲ್ಲಿ ಹೆಚ್ಚಿತ್ತು. ಆದುದರಿಂದ ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರೇ ತೀರ್ಮಾನಿಸಲಿ. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು ಪಡೆಯುವವರಂತೂ ತಾವಾಗಿ ಅದನ್ನು ತಪ್ಪಿಸಲೇಬಾರದು. ಅದು ನಿಂತೊಡನೆ ಮೂಳೆ ಬಹು ವೇಗವಾಗಿ ಕರಗುತ್ತದೆ.

ಬಹಳ ಅಪರೂಪವಾದರೂ ತಿಳಿದಿರಬೇಕಾದ ಎರಡು ತೊಂದರೆಗಳುಂಟು. ಗುಳಿಗೆ ನುಂಗುವವರು ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಈ ವಿಷಯ ಹೇಳಬೇಕು. ದವಡೆಯ ಗಾಯ ಮಾಯದಿರುವುದು ಒಮ್ಮೊಮ್ಮೆ ಕಂಡಿದೆ. ತೊಡೆಯಲ್ಲೋ ತೊಡೆಸಂದಿಯಲ್ಲೋ ಕಾರಣವಿಲ್ಲದೆ ನೋವು ಶುರುವಾಗಿ ನಿಂತರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಬಹುಕಾಲ ನುಂಗಿದ ಕೆಲವರಲ್ಲಿ ತೊಡೆಯ ಮೂಳೆ ಬಿರುಕು ಬಿಡುವುದುಂಟು. ಇವು ಅಪರೂಪ, ಟೊಳ್ಳು ಮೂಳೆ ಮುರಿಯುವುದು ಅಪರೂಪವಲ್ಲ.

ಮನೆಯಲ್ಲೇ ಇರುವ ನೆರವು

ಗುಳಿಗೆಯೊಂದಕ್ಕೇ ಎಲ್ಲ ಭಾರ ಹೊರಿಸಬಾರದು. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಅದೇ ತೂಕದ ಅಕ್ಕಿಯಲ್ಲಿ ಇರುವುದು ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಮುದ್ದೆ ಬಿಟ್ಟು ಅನ್ನವನ್ನೇ ಹಿಡಿದವರು ಇದನ್ನು ಯೋಚಿಸಬೇಕು. ನುಗ್ಗೆಸೊಪ್ಪು, ಎಳ್ಳು, ಹಾಲು, ಮಜ್ಜಿಗೆ ಇವೆಲ್ಲ ಹಿತ್ತಿಲು ಕೊಟ್ಟಿಗೆಗಳಲ್ಲೇ ದೊರೆಯುವ ವಸ್ತುಗಳು. ಕರೆದ ಹಾಲನ್ನೆಲ್ಲ ಡೇರಿಗೆ ಹಾಕದೆ ಮನೆಯ ಮುದುಕಿಗೆ ಒಂದು ಲೋಟ ಉಳಿಸಿರಿ. ಬಿಸಿಲಲ್ಲಿ ಸ್ವಲ್ಪ ಹೊತ್ತು ಓಡಾಡುವುದರಿಂದ ಡಿ ಜೀವಸತ್ವ ಸಿಗುತ್ತದೆ. ಹೊಗೆಸೊಪ್ಪು, ಬೀಡಿ, ಹೆಂಡ ಮೂಳೆಗೆ ವೈರಿಗಳು.

ಬೀಳದಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ. ಬಚ್ಚಲ ಕಲ್ಲಿನ ಪಾಚಿ ಉಜ್ಜಿ ತೆಗೆಯಿರಿ. ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿ ಹಾಕಿಸಿರಿ. ಕೊಟ್ಟಿಗೆಯ ದಾರಿಯಲ್ಲಿ ಸಗಣಿ ಗಂಜಲ ನಿಲ್ಲದಿರಲಿ, ಹಗ್ಗ ಅಡ್ಡ ಬಿದ್ದಿರದಿರಲಿ. ಹೊಸಿಲ ಬಳಿ ರಾತ್ರಿ ಒಂದು ದೀಪ ಉರಿಯಲಿ. ತುಂಬಿದ ಕೊಡ, ಹುಲ್ಲಿನ ಹೊರೆಗಳನ್ನು ಮನೆಯ ಕಿರಿಯರು ಹೊರಲಿ.

ಬಂಧುಗಳೇ, ಮಳೆ ಯಾವ ವರ್ಷ ಜೋರಾಗಿ ಬರುತ್ತದೆಂದು ಗೊತ್ತಿಲ್ಲದಿದ್ದರೂ ನೀವು ಪ್ರತಿ ವರ್ಷ ಬದು ಸರಿಮಾಡುತ್ತೀರಿ. ಕಾಲು ಯಾವ ದಿನ ಜಾರುತ್ತದೆಂದೂ ಯಾರಿಗೂ ಗೊತ್ತಿಲ್ಲ. ಈ ಸಂಜೆ ಮನೆಗೆ ಹೋದೊಡನೆ ತಾಯಿಯ, ಅತ್ತೆಯ, ಅಜ್ಜಿಯ ಔಷಧಿ ಡಬ್ಬಿಯನ್ನು ತೆರೆದು ನೋಡಿ. ಅರ್ಧಕ್ಕೆ ನಿಂತ ಗುಳಿಗೆಯ ಪಟ್ಟಿ ಸಿಕ್ಕರೆ ಗದರಿಸಬೇಡಿ. ಏಕೆ ನಿಂತಿತೆಂದು ಕೇಳಿ ತಿಳಿದುಕೊಂಡು, ಆ ಪಟ್ಟಿಯನ್ನೂ ಅವರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಿಂತ ನೇಮವನ್ನು ಮತ್ತೆ ಹಿಡಿಯಲು ಕಾಲ ಮೀರಿಲ್ಲ.